ಕಟ್ಟೆ ಹತ್ತುವ ಹಕ್ಕು

'ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಹೊಲದ ಬದುವಿಗಾಗಿ, ಮನೆಯ ಗೋಡೆಗಾಗಿ, ದತ್ತಕದ ಹಕ್ಕಿಗಾಗಿ ಎರಡು ಮೂರು ತಲೆಮಾರು ಧಾರವಾಡದ ಕಚೇರಿಗೆ ಅಲೆದು, ಕೊನೆಗೆ ಆ ಹೊಲವನ್ನೇ ಮಾರಿ ವಕೀಲರ ಫೀ ತೀರಿಸಿದ ಮನೆತನದ ಕಥೆ ನಮ್ಮ ಕಡೆಯ ಊರೂರಿಗೆ ಒಂದಾದರೂ ಇದ್ದೇ ಇದೆ. ಅಮರಗೋಳದಲ್ಲಿ ಶಂಕರಲಿಂಗ ಗುಡಿಯ ಆಸುಪಾಸಿನ ಕಟ್ಟೆಗಳ ಮೇಲೆ ಸಂಜೆಗೆ ಕೂಡುವ ಹಿರಿಯರು ಇಂದಿಗೂ ಹೇಳುವ ಬುದ್ಧಿಮಾತು ಇದೇ: "ಊರ ಕಟ್ಟೀ ಮ್ಯಾಲೆ ಕುಂತು ಬಗಿಹರಿಸ್ಕೋರಿ, ಕೋರ್ಟಿನ ಕಟ್ಟಿ ಹತ್ತಬ್ಯಾಡ್ರಿ."

ಇಬ್ಬರು ನೆರೆಯವರ ನಡುವಣ ವ್ಯಾಜ್ಯಕ್ಕೆ ಈ ಮಾತು ಒಪ್ಪುತ್ತದೆ. ಆದರೆ ಎದುರಾಳಿ ನೆರೆಯವನಲ್ಲ, ಸರಕಾರವೇ ಎಂದಾದಾಗ? ನಡುರಾತ್ರಿ ಬಂದು ಮನೆಯ ಮಗನನ್ನು ಕರೆದೊಯ್ದವರು 'ಕಾರಣ ಕೇಳಬೇಡಿ, ಇದು ದೇಶದ ಭದ್ರತೆಯ ವಿಷಯ' ಎಂದಾಗ? ಆಗ ಊರ ಕಟ್ಟೆ ಸಾಲದು. ಆಗ ಉಳಿಯುವುದು ಒಂದೇ ಕಟ್ಟೆ. ಅದನ್ನು ಹತ್ತುವ ಹಕ್ಕು ನಮಗೆ ಹೇಗೆ ಬಂದಿತು, ಒಮ್ಮೆ ಹೇಗೆ ಹೋಯಿತು, ಮರಳಿ ಹೇಗೆ ದೊರೆಯಿತು ಎಂಬ ಕಥೆಯಲ್ಲಿ ಕನ್ನಡನಾಡಿನ ಪಾಲು ದೊಡ್ಡದು. ಅಮರಗೋಳಕ್ಕೆ ಹೊಂದಿಕೊಂಡ ನವನಗರದಲ್ಲಿ ಈಗ ರಾಜ್ಯದ ಕಾನೂನು ವಿಶ್ವವಿದ್ಯಾಲಯವೇ ಇದೆ. ಅಲ್ಲಿಯ ತರುಣರು ಈ ಕಥೆಯನ್ನು ಪರೀಕ್ಷೆಗಾಗಿ ಓದುತ್ತಾರೆ. ಪರೀಕ್ಷೆಯಿಲ್ಲದ ನಾವೂ ಅದನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಧಾರವಾಡ ಸೀಮೆ ಇಂಗ್ಲಿಷರ ಕೈಸೇರಿದ್ದು ಪೇಶ್ವೆಯರ ಪತನದ ಕಾಲಕ್ಕೆ, 1818ರ ಸುಮಾರಿಗೆ. ಅಲ್ಲಿಂದ ಹತ್ತು ವರ್ಷ ಕಳೆಯುವ ಮೊದಲೇ, 1827ರಲ್ಲಿ, ಮುಂಬಯಿ ಸರಕಾರವು ತನ್ನ ಇಪ್ಪತ್ತೈದನೆಯ ರೆಗ್ಯುಲೇಶನ್ನನ್ನು ಹೊರಡಿಸಿತು. ರಾಜ್ಯದ ಕಾರಣಗಳಿಗಾಗಿ ಒಬ್ಬನನ್ನು ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಅಧಿಕಾರವನ್ನು ಸರಕಾರ ಅದರಿಂದ ತಾನೇ ಪಡೆದುಕೊಂಡಿತು. ಅದು ಹಳೆಯ ಕಾಗದವಾಗಿ ಕಡತದಲ್ಲಿ ಮಲಗಲಿಲ್ಲ. ಎಪ್ಪತ್ತು ವರ್ಷಗಳ ತರುವಾಯ, 1897ರಲ್ಲಿ, ಪುಣೆಯ ನಾಟು ಸೋದರರನ್ನು ಹಿಡಿದಿಟ್ಟದ್ದು ಇದೇ ರೆಗ್ಯುಲೇಶನ್ನಿನ ಬಲದಿಂದ. 1919ರಲ್ಲಿ ರೌಲಟ್ ಕಾಯದೆ ಬಂದಾಗ ಉತ್ತರ ಹಿಂದುಸ್ಥಾನದ ಜನ ಅದಕ್ಕೊಂದು ಘೋಷಣೆಯನ್ನೇ ಕಟ್ಟಿದರು. ವಕೀಲನಿಲ್ಲ, ದಲೀಲಿಲ್ಲ, ಅಪೀಲಿಲ್ಲ ಎಂಬುದು ಅದರ ಸಾರ. ಈ ಮೂರು ಪದಗಳನ್ನು ಕನ್ನಡಕ್ಕೆ ತರ್ಜುಮೆ ಮಾಡಬೇಕಾಗಿಯೇ ಇಲ್ಲ. ನಮ್ಮ ಕಚೇರಿಗಳಲ್ಲಿ ಅವು ಎಂದೋ ನಮ್ಮವೇ ಆಗಿವೆ.

ಇಂಗ್ಲಿಷರು ಸೆರೆಮನೆಯನ್ನು ತಂದಂತೆ ಅದರ ಬೀಗದ ಕೈಯೊಂದನ್ನೂ ತಂದರೆಂಬುದು ಇತಿಹಾಸದ ಒಂದು ವಿನೋದ. ಆ ಕೈಗೆ ಹೇಬಿಯಸ್ ಕಾರ್ಪಸ್ ಎಂದು ಹೆಸರು. ಲ್ಯಾಟಿನ್ ಭಾಷೆಯ ಈ ಮಾತಿನ ಅರ್ಥ ತೀರ ಸರಳವಾದುದು: 'ದೇಹವನ್ನು ಹಾಜರುಪಡಿಸು'. ಹಿಡಿದವನು ರಾಜನ ಕಡೆಯವನೇ ಆಗಿರಲಿ, ಹಿಡಿಯಲ್ಪಟ್ಟವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿ, ಯಾವ ಕಾಯದೆಯ ಪ್ರಕಾರ ಹಿಡಿದೆನೆಂದು ಹೇಳಬೇಕು. ಅರ್ಜಿ ಹಾಕಿದವನೆಲ್ಲ ಬಿಡುಗಡೆ ಹೊಂದುತ್ತಾನೆಂದು ಇದರ ಅರ್ಥವಲ್ಲ. ಕೇಳುವವರೊಬ್ಬರು ಇದ್ದಾರೆ ಎಂಬಷ್ಟೇ ಅದರ ಭರವಸೆ. ಆದರೆ ಸೆರೆಯ ಒಳಗಿದ್ದವನಿಗೆ ಈ 'ಅಷ್ಟೇ' ಎಂಬುದು ಎಷ್ಟು ದೊಡ್ಡದೆಂಬುದನ್ನು ಹೊರಗಿರುವ ನಾವು ಸುಲಭವಾಗಿ ಅರಿಯಲಾರೆವು.

1943ರಲ್ಲಿ ಈ ಬೀಗದ ಕೈ ಒಂದು ಸಲ ತಿರುಗಿತು. 'ಚಲೇಜಾವ್' ಚಳವಳಿಯ ಮರುವರ್ಷ ಅದು. ಜಗತ್ತಿನಲ್ಲಿ ಮಹಾಯುದ್ಧ ನಡೆದಿದೆ, ಜಪಾನಿನ ಸೈನ್ಯ ಬರ್ಮಾದವರೆಗೆ ಬಂದಿದೆ, ನಮ್ಮ ಧಾರವಾಡ ಜಿಲ್ಲೆಯೂ ಸೇರಿದಂತೆ ಮುಂಬಯಿ ಪ್ರಾಂತದ ಸೆರೆಮನೆಗಳು ಸತ್ಯಾಗ್ರಹಿಗಳಿಂದ ತುಂಬಿವೆ. ಅಂಥ ಹೊತ್ತಿನಲ್ಲಿ ಮುಂಬಯಿಯ ಕೇಶವ ತಳಪದೆ ಎಂಬವರ ಪ್ರಕರಣದಲ್ಲಿ ದೆಹಲಿಯ ಫೆಡರಲ್ ಕೋರ್ಟು, ಜನರನ್ನು ಹಿಡಿದಿಡಲು ಬಳಸುತ್ತಿದ್ದ ಭಾರತ ರಕ್ಷಣಾ ನಿಯಮಗಳ ಇಪ್ಪತ್ತಾರನೆಯ ನಿಯಮವು ಮೂಲ ಕಾಯದೆಯ ಮೇರೆಯನ್ನು ಮೀರಿದೆ, ಆದುದರಿಂದ ಸಿಂಧುವಲ್ಲ ಎಂದು ತೀರ್ಪುಕೊಟ್ಟಿತು. ಮುಖ್ಯ ನ್ಯಾಯಾಧೀಶರು ಸರ್ ಮಾರಿಸ್ ಗ್ವೈಯರ್, ಇಂಗ್ಲಿಷರೇ. ಸರಕಾರ ಕೂಡಲೇ ಒಂದು ಆರ್ಡಿನನ್ಸನ್ನು ಹೊರಡಿಸಿ ತೂತನ್ನು ಮುಚ್ಚಿಕೊಂಡಿತೆಂಬುದು ದಿಟ. ಆದರೂ ಪರರಾಜ್ಯದಲ್ಲಿ, ಯುದ್ಧಕಾಲದಲ್ಲಿ, ಕಟ್ಟೆ ಹತ್ತಿದವನ ಮಾತನ್ನು ಕೇಳುವವರಿದ್ದರು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಇದರ ಅಗತ್ಯ ಬೀಳುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ಇಂಥ ಕಾಯದೆಗಳು ಇರಲಾರವೆಂದು ಜನ ನಂಬಿದ್ದರು. ಆದರೆ ಸಂವಿಧಾನ ಜಾರಿಗೆ ಬಂದು ತಿಂಗಳು ತುಂಬುವಷ್ಟರಲ್ಲಿ, 1950ರ ಫೆಬ್ರುವರಿ 26ರಂದು, ಮುನ್ನೆಚ್ಚರಿಕೆಯ ಬಂಧನದ ಕಾಯದೆಯೂ ಬಂದಿತು. ಆ ಕಾಲದ ಪತ್ರಿಕೆಗಳು ಇದನ್ನು 'ಸ್ಥಾನಬದ್ಧತೆ' ಎಂದು ಕರೆಯುತ್ತಿದ್ದವು. ಎಂಥ ಸೌಮ್ಯವಾದ ಪದ! ಯಾರನ್ನೋ ಒಂದು ಆಸನದಲ್ಲಿ ಕುಳ್ಳಿರಿಸಿ ಮಾನ ಮಾಡಿದಂತೆ ಕೇಳಿಸುತ್ತದೆ. ಮಾಡಿದ ತಪ್ಪಿಗಾಗಿ ಕೊಡುವುದು ಶಿಕ್ಷೆ. ಮಾಡಬಹುದಾದ ತಪ್ಪಿಗಾಗಿ ಮುಂಚೆಯೇ ಕೊಡುವುದು ಸ್ಥಾನಬದ್ಧತೆ. ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ ಅವರು ಇದನ್ನು ಸುಪ್ರೀಮ್ ಕೋರ್ಟಿನಲ್ಲಿ ಪ್ರಶ್ನಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ಬಹುಮತದ ತೀರ್ಪು ಅವರಿಗೆ ವಿರುದ್ಧವಾಗಿ ಬಂದಿತು. ಆದರೆ ಬಂಧನದ ಕಾರಣಗಳನ್ನು ಕೋರ್ಟಿಗೂ ತಿಳಿಸಕೂಡದೆಂದು ಹೇಳಿದ್ದ ಆ ಕಾಯದೆಯ ಹದಿನಾಲ್ಕನೆಯ ಕಲಮನ್ನು ಕೋರ್ಟು ಹೊಡೆದುಹಾಕಿತು. ಮನೆಯನ್ನು ಸರಕಾರಕ್ಕೆ ಬಿಟ್ಟುಕೊಟ್ಟರೂ ಒಂದು ಕಿಟಕಿಯನ್ನು ಮುಚ್ಚಗೊಡಲಿಲ್ಲ ಎನ್ನಬಹುದು. ಒಂದು ವರ್ಷಕ್ಕೆಂದು ಬಂದ ಆ ಕಾಯದೆ ಮತ್ತೆ ಮತ್ತೆ ಮುಂದುವರಿದು 1969ರ ಕೊನೆಯವರೆಗೆ ಬಾಳಿತು. ಸುಮಾರು ಒಂದೂವರೆ ವರ್ಷದ ಬಿಡುವಿನ ತರುವಾಯ, 1971ರಲ್ಲಿ, 'ಮೀಸಾ' ಬಂದಿತು.

ಇನ್ನು ಬೆಂಗಳೂರಿನ ಮಾತು. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾದಾಗ ಲೋಕಸಭೆ ಮತ್ತು ರಾಜ್ಯಸಭೆಯ ಕೆಲವು ಸದಸ್ಯರು ಪಕ್ಷಾಂತರ ನಿಷೇಧ ಮಸೂದೆಯ ಸಮಿತಿಯ ಕೆಲಸಕ್ಕಾಗಿ ಬೆಂಗಳೂರಿಗೆ ಬಂದಿದ್ದರು. ಮರುದಿನ ಬೆಳಿಗ್ಗೆ ಅಟಲ್ ಬಿಹಾರಿ ವಾಜಪೇಯಿ, ಲಾಲಕೃಷ್ಣ ಆಡವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಈ ನಾಲ್ವರನ್ನು ಬಂಧಿಸಿ ಬೆಂಗಳೂರು ಸೆಂಟ್ರಲ್ ಜೈಲಿಗೆ ಸೇರಿಸಲಾಯಿತು. ಇಂದು ಫ್ರೀಡಂ ಪಾರ್ಕ್ ಎಂಬ ಹೆಸರಿನಲ್ಲಿ ಜನ ಸಭೆ ಸೇರುವುದು ಆ ಜೈಲಿನ ಜಾಗದಲ್ಲಿಯೇ. ಬಂಧಿತರಲ್ಲಿ ಜನಸಂಘದವರಿದ್ದರು, ಸಮಾಜವಾದಿ ಇದ್ದರು, ಹಳೆಯ ಕಾಂಗ್ರೆಸಿನವರೂ ಇದ್ದರು. ಪಕ್ಷಗಳು ಬೇರೆಬೇರೆಯಾದರೂ ಬೀಗ ಒಂದೇ.

ಜೂನ್ 27ರಂದು ರಾಷ್ಟ್ರಪತಿಗಳ ಆಜ್ಞೆ ಹೊರಟಿತು: ಸಂವಿಧಾನದ 14, 21 ಮತ್ತು 22ನೆಯ ವಿಧಿಗಳು ಕೊಟ್ಟ ಹಕ್ಕುಗಳಿಗಾಗಿ ಯಾರೂ ಯಾವ ಕೋರ್ಟಿಗೂ ಹೋಗುವಂತಿಲ್ಲ. ಮೀಸಾ ಕಾಯದೆಗೂ ತಿದ್ದುಪಡಿಯಾಗಿ, ಬಂಧನದ ಕಾರಣಗಳನ್ನು ಬಂಧಿತನಿಗೆ ತಿಳಿಸಬೇಕಾಗಿಲ್ಲವೆಂದಾಯಿತು. 1950ರಲ್ಲಿ ಉಳಿದಿದ್ದ ಕಿಟಕಿಗೂ ಹೀಗೆ ಹಲಗೆ ಬಡಿಯಲಾಯಿತು.

ಆದರೂ ಬಂಧಿತರು ಕರ್ನಾಟಕ ಹೈಕೋರ್ಟಿನ ಕಟ್ಟೆ ಹತ್ತಿದರು. ಅವರ ಪರವಾಗಿ ವಾದಿಸಿದವರಲ್ಲಿ ಎಂ. ಸಿ. ಛಾಗಲಾ ಒಬ್ಬರು. ನಮ್ಮ ಜಿಲ್ಲೆಯ ಹಳಬರಿಗೆ ಈ ಹೆಸರು ಹೊಸದಲ್ಲ. 1956ರ ನವೆಂಬರ್ 1ರಂದು ಏಕೀಕರಣವಾಗುವವರೆಗೆ ಧಾರವಾಡ ಮುಂಬಯಿ ಹೈಕೋರ್ಟಿನ ಅಧಿಕಾರಕ್ಕೆ ಸೇರಿತ್ತು. 1947ರಿಂದ ಅದರ ಮುಖ್ಯ ನ್ಯಾಯಾಧೀಶರಾಗಿದ್ದವರು ಇದೇ ಛಾಗಲಾ. ಒಂದು ಕಾಲಕ್ಕೆ ನಮ್ಮವರ ಅಪೀಲುಗಳನ್ನು ಕೇಳಿದವರು ಇಳಿವಯಸ್ಸಿನಲ್ಲಿ ವಕೀಲರ ನಿಲುವಂಗಿ ತೊಟ್ಟು, ಬೆಂಗಳೂರಿನಲ್ಲಿ ಕೈದಿಗಳ ಪರವಾಗಿ ನಿಂತರು. ಬೆಂಗಳೂರಿನ ವಕೀಲ ರಾಮಾ ಜೋಯಿಸರು ಬಂಧಿತರ ಪರವಾಗಿ ದುಡಿಯುತ್ತಿದ್ದವರು, ಮುಂದೆ ತಾವೇ ಬಂಧಿತರಾಗಿ ಅದೇ ಜೈಲನ್ನು ಸೇರಿದರು. ಕಾಲಾಂತರದಲ್ಲಿ ಅವರು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾದರು.

ಅರ್ಜಿಗಳನ್ನು ಕೇಳಲೇಬಾರದು ಎಂಬುದು ಸರಕಾರದ ವಾದ. ಕೇಳಬಹುದು ಎಂದಿತು ಕರ್ನಾಟಕ ಹೈಕೋರ್ಟು. ಮಧ್ಯಪ್ರದೇಶ, ದೆಹಲಿ, ಅಲಹಾಬಾದ್, ರಾಜಸ್ಥಾನ, ಪಂಜಾಬ್ ಮತ್ತು ಹರಿಯಾಣ ಮೊದಲಾದ ಹೈಕೋರ್ಟುಗಳದೂ ಅದೇ ನಿಲುವು. ಯಾರನ್ನೂ ಬಿಡುಗಡೆ ಮಾಡಿದೆವೆಂದು ಬೆಂಗಳೂರಿನ ನ್ಯಾಯಮೂರ್ತಿಗಳು ಹೇಳಲಿಲ್ಲ. ಆಜ್ಞೆ ಕಾಯದೆಗೆ ಅನುಗುಣವಾಗಿದೆಯೆ, ಹಿಡಿದವನಿಗೆ ಹಿಡಿಯುವ ಅಧಿಕಾರವಿತ್ತೆ ಎಂಬಷ್ಟನ್ನಾದರೂ ನಾವು ನೋಡಬಲ್ಲೆವು ಎಂದರು. ಮಾತು ಚಿಕ್ಕದು. ಆದರೆ ಆ ದಿನಗಳಲ್ಲಿ ಅಷ್ಟು ಹೇಳುವುದಕ್ಕೂ ಎದೆಗಾರಿಕೆ ಬೇಕಾಗಿತ್ತು.

ಸರಕಾರ ಸುಪ್ರೀಮ್ ಕೋರ್ಟಿಗೆ ಹೋಯಿತು. ಎಲ್ಲ ಹೈಕೋರ್ಟುಗಳ ಪ್ರಕರಣಗಳೂ ಅಲ್ಲಿ ಒಂದಾಗಿ, ಜಬಲಪುರ ಪ್ರಕರಣವೆಂಬ ಹೆಸರಿನಿಂದ ವಿಚಾರಣೆಗೆ ಬಂದವು. ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರು ಅಟಾರ್ನಿ ಜನರಲ್ ನಿರೇನ್ ಡೇ ಅವರಿಗೆ ಒಂದು ಪ್ರಶ್ನೆ ಹಾಕಿದರು. ಪೋಲೀಸಿನವನೊಬ್ಬನು ಸ್ವಂತ ದ್ವೇಷಕ್ಕಾಗಿ ಒಬ್ಬನನ್ನು ಕೊಂದರೆ, ಆಗಲೂ ಪರಿಹಾರವಿಲ್ಲವೆ? ತುರ್ತುಪರಿಸ್ಥಿತಿ ಇರುವವರೆಗೆ ಇಲ್ಲ ಎಂಬ ಉತ್ತರ ಬಂದಿತು. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು—ಮುಖ್ಯ ನ್ಯಾಯಮೂರ್ತಿ ಎ. ಎನ್. ರೇ, ಎಂ. ಎಚ್. ಬೇಗ್, ವೈ. ವಿ. ಚಂದ್ರಚೂಡ್, ಪಿ. ಎನ್. ಭಗವತಿ—ಸರಕಾರದ ವಾದವನ್ನು ಎತ್ತಿಹಿಡಿದರು. ಹೈಕೋರ್ಟುಗಳು ತೆರೆದಿಟ್ಟ ಬಾಗಿಲು ಮುಚ್ಚಿತು. ಖನ್ನಾ ಒಬ್ಬರೇ ಭಿನ್ನಮತವನ್ನು ಬರೆದರು. 1943ರಲ್ಲಿ ಪರಕೀಯರ ಕೋರ್ಟು ಯುದ್ಧದ ನಡುವೆಯೂ ಕೇಳಿತ್ತು. 1976ರಲ್ಲಿ ನಮ್ಮದೇ ಕೋರ್ಟು ಕೇಳಲಾರೆನೆಂದಿತು. ಮೇಲೆ ನೆನಪಿನಲ್ಲಿಡಲು ಹೇಳಿದ್ದು ಇದಕ್ಕಾಗಿ.

ಬಾಗಿಲು ಮುಚ್ಚುವುದೆಂದರೇನೆಂಬುದನ್ನು ಬೆಂಗಳೂರಿನ ಜೈಲೇ ನಮಗೆ ತಿಳಿಸಿಕೊಟ್ಟಿದೆ. 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯ ಪಾತ್ರ ವಹಿಸಿದ ಸ್ನೇಹಲತಾ ರೆಡ್ಡಿಯವರನ್ನು ನಮ್ಮವರು ಮರೆತಿಲ್ಲ. ತೀರ್ಪು ಬಂದ ಕೆಲವೇ ದಿನಗಳಲ್ಲಿ, 1976ರ ಮೇ ತಿಂಗಳಲ್ಲಿ, ಅವರ ಬಂಧನವಾಯಿತು. ಅವರಿಗೆ ಉಬ್ಬಸ. ಎಂಟು ತಿಂಗಳು ಅದೇ ಸೆಂಟ್ರಲ್ ಜೈಲಿನಲ್ಲಿ ಕಳೆದರು. ಅವರ ಮೇಲಿನ ಆಪಾದನೆ ಯಾವ ಕೋರ್ಟಿನಲ್ಲಿಯೂ ಸಿದ್ಧವಾಗಲಿಲ್ಲ. ದೇಹ ತೀರ ಹದಗೆಟ್ಟ ಮೇಲೆ 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಗೆ ಬಂದರು. ಅದೇ ತಿಂಗಳು ತೀರಿಕೊಂಡರು. 'ದೇಹವನ್ನು ಹಾಜರುಪಡಿಸು' ಎಂಬ ಲ್ಯಾಟಿನ್ ಮಾತಿನ ಅರ್ಥವನ್ನು ತರಗತಿಯಲ್ಲಿ ಹೇಳಿಕೊಡುವುದು ಸುಲಭ. ಹಾಜರುಪಡಿಸೆಂದು ಕೇಳುವವರಿಲ್ಲದಾಗ ದೇಹಕ್ಕೆ ಏನಾಗುತ್ತದೆಂಬುದು ಈ ಒಂದು ಬಾಳಿನಿಂದ ತಿಳಿಯುತ್ತದೆ.

ಬಾಗಿಲು ತೆರೆದಿಟ್ಟವರಿಗೂ ಬೆಲೆ ತೆರಬೇಕಾಯಿತು. 1976ರಲ್ಲಿ ದೇಶದ ಹದಿನಾರು ಮಂದಿ ಹೈಕೋರ್ಟ್ ನ್ಯಾಯಮೂರ್ತಿಗಳಿಗೆ ವರ್ಗದ ಆಜ್ಞೆಗಳು ಬಂದವು. ಕರ್ನಾಟಕದ ಡಿ. ಎಂ. ಚಂದ್ರಶೇಖರ್ ಅಲಹಾಬಾದಿಗೆ, ಎಂ. ಸದಾನಂದಸ್ವಾಮಿ ಗುವಾಹಟಿಗೆ ಹೋಗಬೇಕಾಯಿತು. ಬಂಧಿತರ ಅರ್ಜಿಗಳನ್ನು ಕೇಳಿದ್ದರ ಫಲ ಇದೆಂದೇ ವಕೀಲ ವರ್ಗದಲ್ಲಿ ಹಲವರು ತಿಳಿದರು. 'ವರ್ಗ' ಎಂಬ ಪದದ ಅರ್ಥವನ್ನು ಸರಕಾರಿ ನೌಕರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಜ್ಞೆಯಲ್ಲಿ ಶಿಕ್ಷೆ ಎಂದು ಬರೆದಿರುವುದಿಲ್ಲ. ಗಂಟುಮೂಟೆ ಕಟ್ಟುವವನಿಗೆ ಮಾತ್ರ ಅದು ತಿಳಿಯುತ್ತದೆ. ಚಂದ್ರಶೇಖರ್ ಅವರು ಮರಳಿ ಬಂದು 1978ರಿಂದ 1982ರವರೆಗೆ ಕರ್ನಾಟಕದ ಮುಖ್ಯ ನ್ಯಾಯಮೂರ್ತಿಗಳಾಗಿದ್ದರೆಂಬುದು ಒಂದು ಸಮಾಧಾನ. ಖನ್ನಾ ಅವರಿಗೆ ಆ ಸಮಾಧಾನವೂ ದೊರೆಯಲಿಲ್ಲ. 1977ರ ಜನವರಿಯಲ್ಲಿ ಹಿರಿತನದಂತೆ ಮುಖ್ಯ ನ್ಯಾಯಮೂರ್ತಿಗಳಾಗಬೇಕಾಗಿದ್ದ ಅವರನ್ನು ಬಿಟ್ಟು ಬೇಗ್ ಅವರನ್ನು ನೇಮಿಸಲಾಯಿತು. ಖನ್ನಾ ರಾಜೀನಾಮೆ ಕೊಟ್ಟು ಮನೆಗೆ ನಡೆದರು.

ತಿದ್ದುವ ಕೆಲಸ ಎರಡು ಹಂತಗಳಲ್ಲಿ ನಡೆಯಿತು. 1978ರ ನಲವತ್ತನಾಲ್ಕನೆಯ ತಿದ್ದುಪಡಿಯಿಂದ, ತುರ್ತುಪರಿಸ್ಥಿತಿಯಲ್ಲಿಯೂ 20 ಮತ್ತು 21ನೆಯ ವಿಧಿಗಳ ರಕ್ಷಣೆಯನ್ನು ಅಮಾನತಿನಲ್ಲಿಡಲು ಬಾರದೆಂದಾಯಿತು. 'ಆಂತರಿಕ ಗೊಂದಲ' ಎಂಬ ಸಡಿಲ ಮಾತಿನ ಬದಲು 'ಸಶಸ್ತ್ರ ಬಂಡಾಯ' ಎಂಬ ಬಿಗಿಯಾದ ಮಾತು ಸಂವಿಧಾನದಲ್ಲಿ ಸೇರಿತು. ಒಂದು ಪದವನ್ನು ಬದಲಿಸಿದರೆ ಎಷ್ಟು ಜನರ ರಾತ್ರಿಯ ನಿದ್ದೆ ಉಳಿಯುತ್ತದೆಂಬುದಕ್ಕೆ ಭಾಷೆಯ ವಿದ್ಯಾರ್ಥಿಗಳು ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಹುಡುಕಬೇಕಾಗಿಲ್ಲ. ಎರಡನೆಯ ಹಂತಕ್ಕೆ ಮುಂದೆ ನಾಲ್ಕು ದಶಕ ಕಾಯಬೇಕಾಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಮ್ ಕೋರ್ಟಿಗೆ ಅರ್ಜಿ ಹಾಕಿದರು. ಆ ಅರ್ಜಿಯಿಂದ ಹುಟ್ಟಿದ ಪ್ರಶ್ನೆಯ ಮೇಲೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನವು ಮೂಲಭೂತ ಹಕ್ಕು ಎಂದು ಹೇಳಿದರು. ಜಬಲಪುರ ಪ್ರಕರಣದ ತೀರ್ಪು ತಪ್ಪು, ಅದನ್ನು ತೊಡೆದುಹಾಕಿದ್ದೇವೆ ಎಂದು ಅದರಲ್ಲಿ ಬರೆದವರು ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್, 1976ರ ನಾಲ್ವರಲ್ಲಿ ಒಬ್ಬರಾದ ವೈ. ವಿ. ಚಂದ್ರಚೂಡರ ಮಗ. ತಂದೆ ಹಾಕಿದ ಅಗುಳಿಯನ್ನು ಮಗ ತೆಗೆದರು; ತೆಗೆಸಿದವರು ಕನ್ನಡನಾಡಿನ ಒಬ್ಬ ವೃದ್ಧರು. ಪುಟ್ಟಸ್ವಾಮಿಯವರು 2024ರಲ್ಲಿ ತುಂಬುಬಾಳು ಬಾಳಿ ತೀರಿಕೊಂಡರು.

ಹಾಗಾದರೆ ಕಥೆ ಸುಖಾಂತವಾಯಿತೆ? ಹಾಗೆಂದರೆ ಇತಿಹಾಸಕ್ಕೆ ಅಪಚಾರ ಮಾಡಿದಂತಾದೀತು. ಮೀಸಾ 1978ರಲ್ಲಿ ಹೋಯಿತು. 1980ರಲ್ಲಿ ರಾಷ್ಟ್ರೀಯ ಭದ್ರತಾ ಕಾಯದೆ ಬಂದಿತು. ಅದರ ಪ್ರಕಾರ ವಿಚಾರಣೆಯಿಲ್ಲದೆ ಹನ್ನೆರಡು ತಿಂಗಳವರೆಗೆ ಹಿಡಿದಿಡಬಹುದು. ಮುನ್ನೆಚ್ಚರಿಕೆಯ ಬಂಧನವನ್ನು ಇನ್ನಷ್ಟು ಕಟ್ಟುಪಾಡಿಗೆ ಒಳಪಡಿಸಿದ ನಲವತ್ತನಾಲ್ಕನೆಯ ತಿದ್ದುಪಡಿಯ ಒಂದು ಭಾಗ ಇಂದಿಗೂ ಜಾರಿಗೆ ಬಂದಿಲ್ಲ. 1967ರ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯದೆಗೆ 2008ರಲ್ಲಿ, ಮುಂಬಯಿಯ ಮೇಲಿನ ದಾಳಿಯ ತರುವಾಯ, ಜಾಮೀನನ್ನು ಬಲು ದುರ್ಲಭಗೊಳಿಸುವ ಕಲಮು ಸೇರಿತು. ಆ ದಾಳಿಯಲ್ಲಿ ಸತ್ತವರ ಮನೆಗಳನ್ನು ನೆನೆದವರು ಭದ್ರತೆ ಎಂಬುದು ಬರಿಯ ನೆವವೆಂದು ಹೇಳಲಾರರು. ರಾಜ್ಯಕ್ಕೆ ಶತ್ರುಗಳಿದ್ದಾರೆ, ಅದಕ್ಕೆ ಬಲವಾದ ಕೈಯೂ ಬೇಕು. ಪ್ರಶ್ನೆ ಅದಲ್ಲ. ಆ ಕೈ ಹಿಡಿದದ್ದು ಯಾರನ್ನು, ಏಕೆ ಎಂದು ಕೇಳುವವರಿರಬೇಕೆ, ಬೇಡವೆ ಎಂಬುದು ಪ್ರಶ್ನೆ.

ಇತ್ತೀಚಿನ ವರ್ಷಗಳಲ್ಲಿ ಕೋರ್ಟುಗಳು ಕೊಟ್ಟ ಉತ್ತರ ಏರಿಳಿತದ್ದು. 2019ರಲ್ಲಿ ಸುಪ್ರೀಮ್ ಕೋರ್ಟು ಆ ಜಾಮೀನಿನ ಕಲಮನ್ನು ಬಿಗಿಯಾಗಿಯೇ ಓದಿತು. 2021ರ ನಜೀಬ್ ಪ್ರಕರಣದಲ್ಲಿ, ವಿಚಾರಣೆ ವರ್ಷಾನುಗಟ್ಟಲೆ ಎಳೆದರೆ ಆ ಕಲಮು ಹೈಕೋರ್ಟು ಜಾಮೀನು ಕೊಡುವುದಕ್ಕೆ ಅಡ್ಡಿಯಾಗದು ಎಂದಿತು. 2023ರಲ್ಲಿ ಮೀಡಿಯಾ ಒನ್ ಎಂಬ ಮಲಯಾಳ ವಾಹಿನಿಯ ಪ್ರಕರಣದಲ್ಲಿ, ಭದ್ರತೆಯ ಹೆಸರು ಹೇಳಿ ಮುಚ್ಚಿದ ಲಕೋಟೆಯನ್ನು ನ್ಯಾಯಮೂರ್ತಿಗಳ ಕೈಗಿತ್ತು ಎದುರುಪಕ್ಷವನ್ನು ಕತ್ತಲೆಯಲ್ಲಿಡುವ ಪದ್ಧತಿಯನ್ನು ಖಂಡಿಸಿತು. 2024ರ ಮೇ ತಿಂಗಳಲ್ಲಿ, ಬಂಧನದ ಕಾರಣಗಳನ್ನು ಬಂಧಿತನಿಗೆ ಬರೆಹದಲ್ಲಿಯೇ ಕೊಡಬೇಕೆಂದಿತು. 1975ರಲ್ಲಿ ಕಾರಣ ಹೇಳಬೇಕಾಗಿಲ್ಲವೆಂದಿದ್ದ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ರಾಜದ್ರೋಹದ ಹಳೆಯ ಕಲಮನ್ನು 2022ರ ಮೇ 11ರಂದು ಕೋರ್ಟು ತಡೆದು ನಿಲ್ಲಿಸಿದಾಗ ಅರ್ಜಿದಾರರಲ್ಲಿ ಮೊದಲ ಹೆಸರು ಮೈಸೂರಿನಲ್ಲಿ ನೆಲೆಸಿದ ನಿವೃತ್ತ ಮೇಜರ್ ಜನರಲ್ ಎಸ್. ಜಿ. ವೊಂಬತ್ಕೆರೆ ಅವರದು. ಗಡಿ ಕಾಯುವ ಸೈನ್ಯದಲ್ಲಿ ದುಡಿದವರಿಗೂ ಈ ಪ್ರಶ್ನೆ ಕೇಳಬೇಕೆನಿಸಿತೆಂಬುದು ಗಮನಿಸತಕ್ಕದ್ದು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ರಾಜದ್ರೋಹ ಎಂಬ ಹೆಸರಿಲ್ಲ. ಆದರೆ ಅದರ 152ನೆಯ ಕಲಮು ಹತ್ತಿರದ ನೆಂಟನಂತೆ ಕಾಣುತ್ತದೆ.

ದೆಹಲಿ, ಬೆಂಗಳೂರುಗಳ ಮಾತು ಇಷ್ಟು ಸಾಕು. ನಮ್ಮ ಮನೆಬಾಗಿಲಿನದೊಂದು ಮಾತಿದೆ. 2020ರ ಫೆಬ್ರುವರಿಯಲ್ಲಿ ಹುಬ್ಬಳ್ಳಿಯಲ್ಲಿ ಓದುತ್ತಿದ್ದ ಮೂವರು ಕಾಶ್ಮೀರಿ ವಿದ್ಯಾರ್ಥಿಗಳನ್ನು, ಪಾಕಿಸ್ತಾನದ ಪರವಾಗಿ ವಿಡಿಯೊ ಮಾಡಿದರೆಂಬ ಆಪಾದನೆಯ ಮೇಲೆ, ರಾಜದ್ರೋಹದ ಕಲಮಿನಡಿ ಹಿಡಿಯಲಾಯಿತು. ಅವರ ಪರವಾಗಿ ಯಾರೂ ವಕಾಲತ್ತು ವಹಿಸಬಾರದೆಂದು ಹುಬ್ಬಳ್ಳಿಯ ವಕೀಲರ ಸಂಘ ಠರಾವು ಮಾಡಿತು. ಬೆಂಗಳೂರಿನಿಂದ ಬಂದ ವಕೀಲರು ಧಾರವಾಡದ ಕೋರ್ಟಿನಲ್ಲಿ ಪ್ರತಿಭಟನೆ ಎದುರಿಸಬೇಕಾಯಿತು. ಇಂಥ ಠರಾವುಗಳು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಮ್ ಕೋರ್ಟು 2010ರಲ್ಲಿಯೇ ಹೇಳಿತ್ತು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕ್ ಅವರ ಹೈಕೋರ್ಟ್ ಪೀಠವು ಠರಾವನ್ನು ಕಟುವಾಗಿ ಆಕ್ಷೇಪಿಸಿ, ವಕೀಲರಿಗೆ ಪೋಲೀಸ್ ರಕ್ಷಣೆ ಕೊಡಿಸಿತು. ಸಂಘ ತನ್ನ ಠರಾವನ್ನು ಮಾರ್ಪಡಿಸಿತು. ಗೊತ್ತುಪಡಿಸಿದ ಅವಧಿಯಲ್ಲಿ ಆಪಾದನಾ ಪಟ್ಟಿ ಸಲ್ಲಿಕೆಯಾಗದ ಕಾರಣ ಜೂನ್ ತಿಂಗಳಲ್ಲಿ ಆ ಮೂವರಿಗೆ ಜಾಮೀನು ದೊರೆಯಿತು. ಆ ಹುಡುಗರು ಮಾಡಿದ್ದು ಸರಿಯೆ ತಪ್ಪೆ ಎಂಬುದು ಇಲ್ಲಿಯ ಮಾತಲ್ಲ. ಅದನ್ನು ತೀರ್ಮಾನಿಸಲೆಂದೇ ಕೋರ್ಟು ಇರುವುದು. ಆದರೆ ಒಂದನ್ನು ಗಮನಿಸಬೇಕು. 1975ರಲ್ಲಿ ಬಾಗಿಲು ಹಾಕಹೊರಟದ್ದು ಸರಕಾರ. ತಡೆದವರಲ್ಲಿ ವಕೀಲರು ಮುಂದಿದ್ದರು. 2020ರಲ್ಲಿ ಬಾಗಿಲು ಹಾಕಹೊರಟವರು, ಕೋಪದ ಭರದಲ್ಲಿ, ನಮ್ಮವರೇ. 'ವಕೀಲನಿಲ್ಲ' ಎಂಬುದು ರೌಲಟ್ ಕಾಯದೆಯ ಘೋಷಣೆಯ ಮೊದಲ ಮಾತಾಗಿತ್ತು. ನೂರೊಂದು ವರ್ಷಗಳ ತರುವಾಯ ಆ ಮಾತು, ಯಾವ ಕಾಯದೆಯ ಒತ್ತಾಯವೂ ಇಲ್ಲದೆ, ನಮ್ಮ ಊರಿನಲ್ಲಿ ಕೇಳಿಬಂದಿತು.

ಒಂದು ಕಾಲಕ್ಕೆ ಇಲ್ಲಿಯವರು ಹೈಕೋರ್ಟಿಗೆಂದು ಮುಂಬಯಿಗೆ ಹೋಗಬೇಕಾಗಿತ್ತು. 1956ರಿಂದ ಬೆಂಗಳೂರಿಗೆ, ರಾತ್ರಿಯಿಡೀ ರೈಲಿನಲ್ಲಿ. 1975ರಲ್ಲಿ ಈ ಭಾಗದ ಒಬ್ಬ ತಾಯಿ ಮಗನಿಗಾಗಿ ಅರ್ಜಿ ಹಾಕಬೇಕೆಂದಿದ್ದರೆ ನಾನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ ಹೋಗಬೇಕಾಗಿತ್ತು. ಇಲ್ಲಿಯ ವಕೀಲರು ವರ್ಷಾನುಗಟ್ಟಲೆ ಹೋರಾಡಿದ್ದರ ಫಲವಾಗಿ 2008ರಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಸಂಚಾರಿ ಪೀಠ ಬಂದಿತು, 2013ರಲ್ಲಿ ಅದು ಕಾಯಂ ಆಯಿತು. ಈಗ ಅಮರಗೋಳದ ತಾಯಿ ಬೆಳಗಿನ ರೊಟ್ಟಿ ಕಟ್ಟಿಕೊಂಡು ಹೊರಟರೆ ಕೋರ್ಟು ಕೂಡುವ ಹೊತ್ತಿಗೆ ಅಲ್ಲಿರಬಹುದು. ಇದಕ್ಕಾಗಿ ನಾವು ನಮ್ಮ ವಕೀಲರಿಗೆ ಋಣಿಗಳು. ಕಟ್ಟೆಯನ್ನು ಹತ್ತಿರಕ್ಕೆ ತಂದವರೇ, ಇವನು ಹತ್ತಬಹುದು ಇವನು ಹತ್ತಬಾರದು ಎನ್ನತೊಡಗಿದರೆ ಆ ಹೋರಾಟದ ಅರ್ಥವೇ ಕೆಡುತ್ತದೆ. ಇಂದು ನಮಗೆ ಸೇರದವನಿಗೆ ಮುಚ್ಚಿದ ಬಾಗಿಲು ನಾಳೆ ನಮಗೆ ಬೇಕಾದವನಿಗೂ ಮುಚ್ಚಿಯೇ ಇರುತ್ತದೆ. ಬೆಂಗಳೂರಿನ ಜೈಲಿನಲ್ಲಿ ಬೇರೆಬೇರೆ ಪಕ್ಷಗಳ ನಾಲ್ವರು ಒಟ್ಟಿಗೆ ಕಲಿತ ಪಾಠ ಇದು.

ಹೊಲದ ಬದುವಿನ ಜಗಳಕ್ಕೆ ಕೋರ್ಟು ಬೇಡವೆಂದು ಹಿರಿಯರು ಹೇಳುತ್ತ ಇರಲಿ. ಅದು ಅನುಭವದ ಮಾತು. ಆದರೆ ಹಿಡಿದವನು ಸರಕಾರದವನಾಗಿ, ಹಿಡಿಯಲ್ಪಟ್ಟವನು ಯಾರಿಗೂ ಬೇಡದವನಾದಾಗ, ಅವನಿಗಾಗಿ ಒಬ್ಬ ವಕೀಲ ಕಟ್ಟೆ ಹತ್ತಲಿ, ಒಬ್ಬ ನ್ಯಾಯಮೂರ್ತಿ 'ಕೇಳಬಹುದು' ಎನ್ನಲಿ. ಬೆಂಗಳೂರಿನ ನ್ಯಾಯಮೂರ್ತಿಗಳು ಅಂದು ಹೇಳಿದ್ದೂ ಅಷ್ಟೇ.